ಮಾತಿಗೆ ಸಮಯ ಕೊಡದ ತರಗತಿ: ಚೀನಾದ ಕಾಲೇಜುಗಳಲ್ಲಿ ಇಂಗ್ಲಿಷ್

ಚೀನಾದ ಕಾಲೇಜು ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬಾಯಿ ಬಿಡುವುದಿಲ್ಲವೆಂಬ ದೂರು ಹಳೆಯದು. ಅಲ್ಲಿನವರೇ ಇದನ್ನು ‘ಮೂಕ ಇಂಗ್ಲಿಷ್’ ಎನ್ನುತ್ತಾರೆ. ಸಂಕೋಚದ ಸ್ವಭಾವವೇ ಕಾರಣವೆಂಬ ವಿವರಣೆಯನ್ನು ನಾನು ಒಪ್ಪಲಾರೆ. ಮೂರನೇ ತರಗತಿಯಿಂದಲೇ ಇಂಗ್ಲಿಷ್ ಕಲಿತು, ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ 150 ಅಂಕಗಳ ಇಂಗ್ಲಿಷ್ ಪತ್ರಿಕೆ ಬರೆದು ಬಂದವರಲ್ಲಿ ಪದಸಂಪತ್ತು ಸಾಕಷ್ಟಿರುತ್ತದೆ. ಇಲ್ಲದಿರುವುದು ಮಾತಾಡಿದ ಅಭ್ಯಾಸ. ಕಾಲೇಜಿನಲ್ಲಿ ಬಹುತೇಕರು ಎದುರಿಸುವ ಸಿಇಟಿ-4 (ರಾಷ್ಟ್ರೀಯ ಕಾಲೇಜು ಇಂಗ್ಲಿಷ್ ಪರೀಕ್ಷೆ; ನಮ್ಮ ಸಿಇಟಿಗೂ ಇದಕ್ಕೂ ಸಂಬಂಧವಿಲ್ಲ) 1987ರಲ್ಲಿ ಆರಂಭವಾದ ಪರೀಕ್ಷೆ. ಅದರ 710 ಅಂಕಗಳೂ ಆಲಿಸುವಿಕೆ, ಓದು, ಬರಹ ಮತ್ತು ಅನುವಾದಕ್ಕೆ ಹಂಚಿಹೋಗುತ್ತವೆ. ಮಾತಿನ ಪರೀಕ್ಷೆ ಪ್ರತ್ಯೇಕವಾಗಿದ್ದು, ಇಷ್ಟವಿದ್ದವರು ಮಾತ್ರ ಅದಕ್ಕೆ ಹೆಸರು ಕೊಡುತ್ತಾರೆ.

ಐವತ್ತು ಮಂದಿಯ ತರಗತಿಯಲ್ಲಿ ತೊಂಬತ್ತು ನಿಮಿಷಗಳನ್ನು ಒಬ್ಬೊಬ್ಬರಿಗೆ ಹಂಚಿದರೆ, ಶಿಕ್ಷಕರು ಮೌನವಾಗಿದ್ದರೂ ತಲೆಗೆ ಎರಡು ನಿಮಿಷ ಸಿಗದು. ಆದ್ದರಿಂದ ಎಲ್ಲರನ್ನೂ ಜೋಡಿಯಾಗಿ ಕೂರಿಸಿ ಏಕಕಾಲದಲ್ಲಿ ಮಾತಾಡಿಸಬೇಕು. ನಾನು ಹೆಚ್ಚು ನೆಚ್ಚುವುದು 4-3-2 ಎಂಬ ಕ್ರಮವನ್ನು: ಒಂದೇ ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷ, ಬೇರೊಬ್ಬರಿಗೆ ಮೂರು, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳುವುದು. ಮೊದಲ ಸುತ್ತಿನಲ್ಲಿ ತಡವರಿಸಿದ ವಾಕ್ಯ ಮೂರನೆಯ ಸುತ್ತಿಗೆ ಸರಾಗವಾಗಿ ಬರುವುದನ್ನು ವಿದ್ಯಾರ್ಥಿಯೇ ಗಮನಿಸುತ್ತಾನೆ.

ಈ ಹೊತ್ತಿನಲ್ಲಿ ಶಿಕ್ಷಕರು ನಡುವೆ ಬಾಯಿ ಹಾಕಬಾರದು. ಮ್ಯಾಂಡರಿನ್ ಮಾತಿನಲ್ಲಿ ಅವನಿಗೂ ಅವಳಿಗೂ ‘ತಾ’ ಎಂಬ ಒಂದೇ ಉಚ್ಚಾರಣೆ ಇರುವುದರಿಂದ, ತಾಯಿಯ ಬಗ್ಗೆ ಹೇಳುತ್ತಿರುವ ಹುಡುಗಿ ‘ಹೀ’ ಎಂದುಬಿಡುತ್ತಾಳೆ. ಅಲ್ಲಿಯೇ ತಡೆದು ತಿದ್ದಿದರೆ ಆಕೆಯ ಮಾತಿನ ಎಳೆಯೇ ತಪ್ಪಿಹೋಗುತ್ತದೆ. ತಪ್ಪುಗಳನ್ನು ಗುರುತು ಹಾಕಿಕೊಂಡು, ಕೊನೆಗೆ ಹೆಸರು ಹೇಳದೆ ಬೋರ್ಡಿನ ಮೇಲೆ ಬರೆದು, ತರಗತಿಯಿಂದಲೇ ತಿದ್ದಿಸುವುದು ಲೇಸು.

ಉಚ್ಚಾರಣೆಯಲ್ಲಿ ಎಲ್ಲವನ್ನೂ ತಿದ್ದುವ ಹಟ ಬೇಡ. ಮ್ಯಾಂಡರಿನ್‌ನಲ್ಲಿ ಪದದ ಕೊನೆಗೆ ಬರುವ ವ್ಯಂಜನಗಳು ಬೆರಳೆಣಿಕೆಯಷ್ಟೇ ಆದ್ದರಿಂದ ‘ಆಸ್ಕ್ಡ್’ನಂಥ ಪದದ ತುದಿ ನುಂಗಿಹೋಗುತ್ತದೆ, ಇಲ್ಲವೇ ಅದಕ್ಕೊಂದು ಸ್ವರ ಸೇರಿಕೊಳ್ಳುತ್ತದೆ, ‘ಬಸ್ಸು’, ‘ಪೆನ್ನು’ ಎನ್ನುವ ನಮಗೆ ಇದು ಅಪರಿಚಿತವಲ್ಲ. ತುದಿ ನುಂಗಿದರೆ ಭೂತಕಾಲವೇ ಕಾಣೆಯಾಗಿ ಅರ್ಥ ಕೆಡುತ್ತದೆ, ಆದ್ದರಿಂದ ಅದಕ್ಕೆ ಅಭ್ಯಾಸ ಕೊಡಬೇಕು. ಅರ್ಥ ಕೆಡಿಸದ ಚೀನೀ ಧಾಟಿಯನ್ನು ಹಾಗೆಯೇ ಬಿಡಬಹುದು.

ರಾಷ್ಟ್ರೀಯ ಪರೀಕ್ಷೆಯನ್ನು ಶಿಕ್ಷಕರು ಬದಲಿಸಲಾರರು, ಆದರೆ ಸೆಮಿಸ್ಟರಿನ ಆಂತರಿಕ ಅಂಕಗಳು ಬಹುಮಟ್ಟಿಗೆ ಅವರ ಕೈಯಲ್ಲೇ ಇರುತ್ತವೆ. ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅದೇ ವಿಷಯದ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿ, ಎರಡನ್ನೂ ವಿದ್ಯಾರ್ಥಿಗೆ ಕೇಳಿಸಿ, ಆಗಿರುವ ಸುಧಾರಣೆಗೆ ಅಂಕ ಕೊಡಬೇಕು.