ರ್ಯಾಮ್ ಎಷ್ಟು, ಪೇಜ್ ಫೈಲ್ ಎಷ್ಟು: ಅಳೆದು ನಿರ್ಧರಿಸುವ ಬಗೆ

ಕಂಪ್ಯೂಟರಿಗೆ ಎಷ್ಟು ರ್ಯಾಮ್ (ಕೆಲಸ ನಡೆಯುವಾಗ ಮಾಹಿತಿ ಇಟ್ಟುಕೊಳ್ಳುವ ವೇಗದ ಮೆಮೊರಿ) ಹಾಕಿಸಬೇಕೆಂದು ಕೇಳುವವರಿಗೆ ನಾನು ಕೂಡಲೇ ಸಂಖ್ಯೆ ಹೇಳುವುದಿಲ್ಲ. ವಾರದಲ್ಲಿ ಅತಿ ಹೆಚ್ಚು ಕೆಲಸವಿರುವ ದಿನ, ಬೇಕಾದ ಪ್ರೋಗ್ರಾಂಗಳೆಲ್ಲ ತೆರೆದಿರುವಾಗ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ವಿವರ ನೋಡಿ ಎರಡು ಅಂಕಿಗಳನ್ನು ಬರೆದುಕೊಂಡು ಬನ್ನಿ ಎನ್ನುತ್ತೇನೆ: ಒಂದು ‘ಇನ್ ಯೂಸ್’, ಇನ್ನೊಂದು ‘ಕಮಿಟೆಡ್’. ಮೊದಲನೆಯದು ರ್ಯಾಮ್‌ನಲ್ಲಿ ಈಗ ನಿಜವಾಗಿ ಬಳಕೆಯಲ್ಲಿರುವ ಜಾಗ. ಎರಡನೆಯದು, ಕೊಡುತ್ತೇನೆಂದು ವಿಂಡೋಸ್ ಎಲ್ಲ ಪ್ರೋಗ್ರಾಂಗಳಿಗೂ ಮಾತು ಕೊಟ್ಟಿರುವ ಜಾಗದ ಒಟ್ಟು ಮೊತ್ತ. ರ್ಯಾಮ್ ಎಷ್ಟು ಬೇಕೆಂಬುದಕ್ಕೆ ಮೊದಲ ಅಂಕಿಯೂ, ವರ್ಚುವಲ್ ಮೆಮೊರಿ (ರ್ಯಾಮ್ ಜೊತೆಗೆ ಡಿಸ್ಕಿನ ಒಂದಿಷ್ಟು ಜಾಗವನ್ನೂ ಮೆಮೊರಿಯಂತೆ ಬಳಸುವ ಏರ್ಪಾಡು) ಎಷ್ಟಿರಬೇಕೆಂಬುದಕ್ಕೆ ಎರಡನೆಯದೂ ಆಧಾರ. ಇವೆರಡನ್ನೂ ಒಂದೇ ಎಂದು ತಿಳಿದುಕೊಳ್ಳುವುದರಿಂದಲೇ ಹೆಚ್ಚಿನ ಎಡವಟ್ಟುಗಳು ಆಗುತ್ತವೆ.

ವಿಡಿಯೊ ಸಂಕಲನ ಮಾಡುವ ಪರಿಚಿತರೊಬ್ಬರು ಒಮ್ಮೆ ತಮ್ಮ ಕಂಪ್ಯೂಟರನ್ನು ತಂದರು. 16 ಜಿಬಿ ರ್ಯಾಮ್ ಇದ್ದ ಯಂತ್ರ. ಇಷ್ಟು ರ್ಯಾಮ್ ಇರುವಾಗ ರ್ಯಾಮ್‌ನಲ್ಲಿ ಹಿಡಿಸದ್ದನ್ನು ಇಡಲು ವಿಂಡೋಸ್ ಡಿಸ್ಕ್ ಮೇಲೆ ಇಟ್ಟುಕೊಳ್ಳುವ ಪೇಜ್ ಫೈಲ್ ಏಕೆಂದು ಯೋಚಿಸಿ ಅವರೇ ಅದನ್ನು ನಿಲ್ಲಿಸಿಬಿಟ್ಟಿದ್ದರು. ಅಂದಿನಿಂದ, ಸುಮಾರು ನಾಲ್ಕು ಜಿಬಿ ಖಾಲಿ ಇದೆಯೆಂದು ಪರದೆಯೇ ತೋರಿಸುತ್ತಿದ್ದಾಗಲೂ, ಸಿದ್ಧವಾದ ವಿಡಿಯೊವನ್ನು ಹೊರತೆಗೆಯುವ ಹಂತದಲ್ಲಿ ಮೆಮೊರಿ ಸಾಲದೆಂಬ ಸಂದೇಶ ಬಂದು ಪ್ರೋಗ್ರಾಂ ಮುಚ್ಚಿಹೋಗುತ್ತಿತ್ತು. ರ್ಯಾಮ್ ಕೆಟ್ಟಿರಬೇಕೆಂದು ಅವರ ಅನುಮಾನ. ನಾನು ‘ಕಮಿಟೆಡ್’ ಸಾಲನ್ನು ನೋಡಿದೆ: 15.5/15.8. ಓರೆಗೆರೆಯ ಬಲಗಡೆ ಇರುವುದು ಮಿತಿ. ರ್ಯಾಮ್ ಮತ್ತು ಪೇಜ್ ಫೈಲ್ ಎರಡೂ ಸೇರಿದ ಮೊತ್ತವದು. ಪೇಜ್ ಫೈಲ್ ಇಲ್ಲದ್ದರಿಂದ ಮಿತಿ ರ್ಯಾಮ್‌ನಷ್ಟಕ್ಕೇ ನಿಂತಿತ್ತು. ಪ್ರೋಗ್ರಾಂ ಇನ್ನೊಂದು ಜಿಬಿ ಕೇಳಿದೊಡನೆ ವಿಂಡೋಸ್ ಆಗದು ಎಂದಿತ್ತು.

ಪ್ರೋಗ್ರಾಂಗಳು ಮುಂದೆ ಬೇಕಾದೀತೆಂದು ಕೇಳಿ ಇಟ್ಟುಕೊಂಡು, ಮುಟ್ಟದೆಯೇ ಬಿಡುವ ಜಾಗ ಬಹಳ. ಆ ಜಾಗ ರ್ಯಾಮ್‌ನಲ್ಲಿ ಖಾಲಿಯಾಗಿಯೇ ಕಾಣಿಸುತ್ತದೆ, ಆದರೆ ಲೆಕ್ಕದಲ್ಲಿ ಬೇರೆಯವರಿಗೆ ಹೋಗಿಯಾಗಿರುತ್ತದೆ. ವಿಂಡೋಸ್ ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಪೈಕಿ. ಉಳಿಸಿಕೊಳ್ಳಲಾಗದ ಮಾತನ್ನು ಅದು ಕೊಡುವುದಿಲ್ಲ. ವಿಂಡೋಸ್‌ನಂಥದ್ದೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚು ಜಾಗಕ್ಕೆ ಒಪ್ಪಿಕೊಂಡು, ಎಲ್ಲರೂ ಒಟ್ಟಿಗೆ ಬಂದು ನಿಂತಾಗ ಯಾವುದಾದರೊಂದು ಪ್ರೋಗ್ರಾಂ ಅನ್ನು ಬಲವಂತವಾಗಿ ಕೊನೆಗೊಳಿಸುತ್ತದೆ. ಎರಡರಲ್ಲಿ ಯಾವುದು ಸರಿಯೆಂಬ ವಾದ ಬೇರೆ. ಪರಿಚಿತರ ಯಂತ್ರದಲ್ಲಿ ಪೇಜ್ ಫೈಲನ್ನು ಮತ್ತೆ ಚಾಲೂ ಮಾಡಿ ಅದರ ಗಾತ್ರವನ್ನು ವಿಂಡೋಸ್‌ಗೇ ಬಿಟ್ಟೆ. ತೊಂದರೆ ನಿಂತಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಫೈಲಿಗೆ ಬರೆಯುವ ಪ್ರಸಂಗ ಬಂದದ್ದೇ ಅಪರೂಪ. ಅದು ಇದ್ದದ್ದರಿಂದ ಮಿತಿ ಮೇಲೇರಿತು, ಅಷ್ಟೇ ಸಾಕಾಯಿತು.

ಹಾಗಾದರೆ ಆ ಫೈಲ್ ಎಷ್ಟು ದೊಡ್ಡದಿರಬೇಕು? ರ್ಯಾಮ್‌ನ ಒಂದೂವರೆ ಪಟ್ಟು ಎಂಬ ಹಳೆಯ ಸೂತ್ರವನ್ನು ಇಂದಿಗೂ ಹೇಳುವವರಿದ್ದಾರೆ. ನನಗೆ ಅದು ತಲೆಕೆಳಗಾದ ಲೆಕ್ಕವೆಂದೇ ತೋರುತ್ತದೆ. ಒಂದೇ ಕೆಲಸವನ್ನು 4 ಜಿಬಿ ಯಂತ್ರದಲ್ಲಿ ಮಾಡಿದರೆ ಈ ಸೂತ್ರದ ಪ್ರಕಾರ ಸಿಗುವುದು 6 ಜಿಬಿ, 32 ಜಿಬಿ ಯಂತ್ರದಲ್ಲಿ ಮಾಡಿದರೆ 48 ಜಿಬಿ. ಅಂದರೆ ಕೊರತೆ ಇರುವಲ್ಲಿ ಕಡಿಮೆ, ಧಾರಾಳವಿರುವಲ್ಲಿ ಹೆಚ್ಚು. ಸರಿಯಾದ ಕ್ರಮ ಕಳೆಯುವ ಲೆಕ್ಕ. ‘ಕಮಿಟೆಡ್’ ಅಂಕಿ ಮುಟ್ಟಿದ ಅತಿ ಹೆಚ್ಚಿನ ಮೊತ್ತದಿಂದ ರ್ಯಾಮ್‌ನ ಗಾತ್ರವನ್ನು ಕಳೆದು, ಉಳಿದದ್ದಕ್ಕೆ ಸ್ವಲ್ಪ ಹೆಚ್ಚುವರಿ ಸೇರಿಸಬೇಕು. ಅತಿ ಹೆಚ್ಚೆಂದರೆ 22 ಜಿಬಿ ಆಗಿದ್ದು ರ್ಯಾಮ್ 16 ಜಿಬಿ ಇದ್ದರೆ ಕೊರತೆ 6 ಜಿಬಿ. ನಾನಾದರೆ 8 ರಿಂದ 10 ಜಿಬಿ ಇಡುತ್ತೇನೆ. ಈ ಗರಿಷ್ಠ ಅಂಕಿಯನ್ನು ಟಾಸ್ಕ್ ಮ್ಯಾನೇಜರ್ ತೋರಿಸುವುದಿಲ್ಲ; ‘ಪ್ರೊಸೆಸ್ ಎಕ್ಸ್‌ಪ್ಲೋರರ್’ ಎಂಬ ಉಚಿತ ಉಪಕರಣದ ಸಿಸ್ಟಂ ಮಾಹಿತಿಯಲ್ಲಿ ‘ಪೀಕ್’ ಎಂದು ಸಿಗುತ್ತದೆ. ಯಂತ್ರವನ್ನು ಮರುಚಾಲನೆ ಮಾಡಿದರೆ ಅದು ಅಳಿಸಿಹೋಗುವುದರಿಂದ ಕೆಲಸ ಮುಗಿದ ಕೂಡಲೇ ನೋಡಬೇಕು.

ಗಾತ್ರವನ್ನು ವಿಂಡೋಸ್‌ಗೆ ಬಿಡುವುದು ಹೆಚ್ಚಿನವರಿಗೆ ಸಾಕು. ಆಗ ಫೈಲ್ ರ್ಯಾಮ್‌ನ ಮೂರು ಪಟ್ಟು ಅಥವಾ 4 ಜಿಬಿ, ಇವೆರಡರಲ್ಲಿ ದೊಡ್ಡದು ಯಾವುದೋ ಅಲ್ಲಿಯವರೆಗೆ ಬೆಳೆಯಬಲ್ಲದು, ಆದರೆ ಡಿಸ್ಕ್ ವಿಭಾಗದ ಎಂಟನೇ ಒಂದು ಭಾಗವನ್ನು ದಾಟುವುದಿಲ್ಲ. ಚಿಕ್ಕ ಎಸ್‌ಎಸ್‌ಡಿಯನ್ನು (ತಿರುಗುವ ಭಾಗಗಳಿಲ್ಲದ, ಚಿಪ್‌ಗಳ ಡಿಸ್ಕ್) ಅಂಚಿನವರೆಗೆ ತುಂಬಿಸಿಟ್ಟಿರುವವರಿಗೆ ಫೈಲ್ ಬೆಳೆಯಲು ಜಾಗವೇ ಸಿಗದೆ ಕೈಕೊಡುವುದುಂಟು.

ಇನ್ನು ರ್ಯಾಮ್. ಚಿಕ್ಕ ಮೆಮೊರಿಯನ್ನು ದೊಡ್ಡದೆಂದು ತೋರಿಸುವ ಈ ಉಪಾಯ ಹೊಸದೇನಲ್ಲ. 1962ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಚಾಲನೆಗೊಂಡ ಅಟ್ಲಾಸ್ ಕಂಪ್ಯೂಟರ್ ತನ್ನ ವೇಗದ ಮೆಮೊರಿಯನ್ನೂ ನಿಧಾನದ ಮ್ಯಾಗ್ನೆಟಿಕ್ ಡ್ರಮ್ಮನ್ನೂ (ಅಂದಿನ ಡಿಸ್ಕ್ ಎನ್ನಬಹುದು) ಒಂದೇ ಎಂಬಂತೆ ಪ್ರೋಗ್ರಾಂಗಳಿಗೆ ತೋರಿಸುತ್ತಿತ್ತು. ಆದರೆ ನಿಧಾನವನ್ನು ಯಾರೂ ಮುಚ್ಚಿಡಲಾರರು. ರ್ಯಾಮ್‌ನಿಂದ ಮಾಹಿತಿ ಬರಲು ಸುಮಾರು 100 ನ್ಯಾನೊಸೆಕೆಂಡ್ ಹಿಡಿದರೆ, ಎಸ್‌ಎಸ್‌ಡಿಯಿಂದ ಬರಲು ಅದರ ಸಾವಿರ ಪಟ್ಟು, ತಿರುಗುವ ಹಾರ್ಡ್ ಡಿಸ್ಕ್‌ನಿಂದ ಬರಲು ಲಕ್ಷ ಪಟ್ಟು ಸಮಯ ಬೇಕಾಗುತ್ತದೆ. ಪ್ರೋಗ್ರಾಂಗಳು ಮತ್ತೆ ಮತ್ತೆ ಮುಟ್ಟುವ ಭಾಗವನ್ನು ‘ವರ್ಕಿಂಗ್ ಸೆಟ್’ ಎನ್ನುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲಿ ಮಂಡಿಸಿದ ಈ ಪರಿಕಲ್ಪನೆಯೇ ಇಂದಿಗೂ ರ್ಯಾಮ್‌ನ ಅಳತೆಗೋಲು. ಆ ಭಾಗ ಪೂರ್ತಿ ರ್ಯಾಮ್‌ನಲ್ಲಿ ಹಿಡಿಸಿದರೆ ಕೆಲಸ ಸರಾಗ. ಹಿಡಿಸದಿದ್ದರೆ ಒಂದನ್ನು ಒಳಗೆ ತರಲು ಈಗಷ್ಟೇ ಬೇಕಾಗಿದ್ದ ಇನ್ನೊಂದನ್ನು ಹೊರಹಾಕುತ್ತ, ಅದನ್ನೇ ಮರುಕ್ಷಣ ಒಳಗೆ ತರುತ್ತ ಯಂತ್ರ ಡಿಸ್ಕಿಗೂ ರ್ಯಾಮ್‌ಗೂ ಅಲೆದಾಡುವುದರಲ್ಲೇ ಸೋತುಹೋಗುತ್ತದೆ. ಪೇಜ್ ಫೈಲನ್ನು ಎಷ್ಟು ಹಿಗ್ಗಿಸಿದರೂ ಇದಕ್ಕೆ ಪರಿಹಾರವಿಲ್ಲ.

ಈ ಅಲೆದಾಟ ಇದೆಯೋ ಇಲ್ಲವೋ ಎಂಬುದನ್ನು ‘ರಿಸೋರ್ಸ್ ಮಾನಿಟರ್’ನಲ್ಲಿರುವ ‘ಹಾರ್ಡ್ ಫಾಲ್ಟ್ಸ್’ ಗ್ರಾಫ್ ಹೇಳುತ್ತದೆ; ಬೇಕಾದದ್ದು ರ್ಯಾಮ್‌ನಲ್ಲಿ ಇಲ್ಲದೆ ಡಿಸ್ಕಿನಿಂದ ತರಬೇಕಾದ ಸಲಗಳ ಎಣಿಕೆಯದು. ಪ್ರೋಗ್ರಾಂ ತೆರೆಯುವಾಗ ಅದು ಮೇಲೆದ್ದು ಇಳಿಯುವುದು ಸಹಜ. ತೆರೆದ ಕಿಟಕಿಗಳ ನಡುವೆ ಸುಮ್ಮನೆ ಓಡಾಡಿದರೂ ನಿಮಿಷಗಟ್ಟಲೆ ಇಳಿಯದಿದ್ದರೆ ರ್ಯಾಮ್ ಸಾಲದು. ಲಿನಕ್ಸ್‌ನಲ್ಲಿ ‘ವಿಎಂಸ್ಟ್ಯಾಟ್’ ಆದೇಶದ ‘ಎಸ್‌ಐ’, ‘ಎಸ್‌ಒ’ ಕಂಬಗಳೂ (ಡಿಸ್ಕಿನಿಂದ ಒಳಬಂದದ್ದು, ಡಿಸ್ಕಿಗೆ ಹೊರಹೋದದ್ದು), ಮ್ಯಾಕ್‌ನಲ್ಲಿ ‘ಮೆಮೊರಿ ಪ್ರೆಶರ್’ ಗ್ರಾಫ್‌ನ ಬಣ್ಣವೂ ಇದನ್ನೇ ತಿಳಿಸುತ್ತವೆ. ರ್ಯಾಮ್ ಬಹುಪಾಲು ತುಂಬಿದೆ ಎಂಬುದೊಂದರಿಂದಲೇ ಗಾಬರಿಯಾಗಬೇಕಿಲ್ಲ. ಖಾಲಿ ಬಿಟ್ಟ ರ್ಯಾಮ್‌ನಿಂದ ಯಾರಿಗೂ ಲಾಭವಿಲ್ಲವೆಂದು, ಇತ್ತೀಚೆಗೆ ಓದಿದ ಫೈಲುಗಳನ್ನು ವ್ಯವಸ್ಥೆ ಅಲ್ಲಿ ಇಟ್ಟುಕೊಂಡಿರುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ.

ಇಷ್ಟಾದರೂ ಒಂದು ಸಂಖ್ಯೆ ಹೇಳಲೇಬೇಕೆಂದು ಹಟ ಹಿಡಿದರೆ, ಬರವಣಿಗೆ, ಲೆಕ್ಕಪತ್ರ, ಬ್ರೌಸರಿನ ಹತ್ತಿಪ್ಪತ್ತು ಟ್ಯಾಬ್‌ಗಳಿಗೆ 8 ಜಿಬಿ ಬಿಗಿಯಾಗಿ ಸಾಲುತ್ತದೆ, 16 ಜಿಬಿ ನೆಮ್ಮದಿ. ವಿಡಿಯೊ ಸಂಕಲನ ಮಾಡುವವರು, ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಸಾಫ್ಟ್‌ವೇರಿನಿಂದ ನಡೆಯುವ ಇನ್ನೊಂದು ಕಂಪ್ಯೂಟರ್) ನಡೆಸುವವರು 32 ಜಿಬಿಯಿಂದ ಯೋಚಿಸಲಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ಬರೆದಿರುವುದು ಅದು ಚಾಲೂ ಆಗಲು ಮಾತ್ರ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಕೆಲಸವೂ ರ್ಯಾಮ್‌ನಲ್ಲೇ ಪಾಲು ಕೇಳುತ್ತದೆ. ರ್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವ ಲ್ಯಾಪ್‌ಟಾಪ್‌ಗಳಲ್ಲಿ ಮುಂದೆ ಹೆಚ್ಚಿಸುವ ದಾರಿಯೇ ಇರುವುದಿಲ್ಲವಾದ್ದರಿಂದ, ಅಂಥದ್ದನ್ನು ಕೊಳ್ಳುವವರಿಗೆ ಮಾತ್ರ ಅಳತೆಯಲ್ಲಿ ಬಂದದ್ದಕ್ಕಿಂತ ಒಂದು ಹಂತ ಮೇಲಿನದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ.