ಸಿಗದ ಅಕ್ಷರಕ್ಕಾಗಿ ತೆವಳುವ ಎಡಿಟರ್

ಫೈಲು ದೊಡ್ಡದಾದರೆ ಎಡಿಟರ್, ಅಂದರೆ ನಾವು ಬರಹ ಟೈಪ್ ಮಾಡುವ ತಂತ್ರಾಂಶ, ನಿಧಾನವಾಗುತ್ತದೆ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಕನ್ನಡದ ಫೈಲುಗಳ ವಿಷಯದಲ್ಲಿ ಇದು ಎಷ್ಟೋ ಸಲ ಸುಳ್ಳು. ಭಾರಿ ಇಂಗ್ಲಿಷ್ ಫೈಲು ಸಲೀಸಾಗಿ ಓಡುವ ಕಂಪ್ಯೂಟರಿನಲ್ಲೇ ನಾಲ್ಕು ಪುಟದ ಕನ್ನಡ ಬರಹ ತೆವಳುತ್ತದೆ. ರ‍್ಯಾಮ್ ಜಾಸ್ತಿ ಹಾಕಿಸಿ ಎಂದು ರಿಪೇರಿಯವರು ಹೇಳುತ್ತಾರೆ. ಸುಮ್ನೆ ದುಡ್ಡು ಹಾಕುವ ಮೊದಲು ಫಾಂಟಿನ ಕಡೆ ಒಮ್ಮೆ ನೋಡಬೇಕು.

ಕೋಲಾರದಲ್ಲಿ ನನಗೆ ಪರಿಚಯದ ಮೇಷ್ಟ್ರೊಬ್ಬರಿದ್ದಾರೆ. ನಿವೃತ್ತರಾದ ಮೇಲೆ ಸುತ್ತಮುತ್ತಲ ಶಾಸನಗಳ ಪಾಠ ಟೈಪ್ ಮಾಡುವ ಗೀಳು ಹತ್ತಿಸಿಕೊಂಡಿದ್ದಾರೆ. ಗಂಗರ ಕುವಳಾಲಪುರವೇ ಇಂದಿನ ಕೋಲಾರ, ಹಾಗಾಗಿ ಅವರಿಗೆ ಕೆಲಸಕ್ಕೇನೂ ಕೊರತೆಯಿಲ್ಲ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ 10ನೇ ಸಂಪುಟ ಇಡಿಯಾಗಿ ಈ ಜಿಲ್ಲೆಯದ್ದೇ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ರೈಸ್ ಕಾಲದಲ್ಲಿ ಅದೂ ಇದರೊಳಗೇ ಇತ್ತು. ಮೇಷ್ಟ್ರ ಫೈಲಿನಲ್ಲಿ ಱ, ೞ ಎಂಬ ಹಳೆಗನ್ನಡದ ಅಕ್ಷರಗಳಿರುವ ಆಱು, ಏೞು, ನೂಱು ಬರುವ ಪುಟಕ್ಕೆ ಹೋದರೆ ಸಾಕು, ಪರದೆ ತಡವರಿಸುತ್ತಿತ್ತು. ಉಳಿದ ಪುಟಗಳು ಚೆನ್ನಾಗಿಯೇ ಇದ್ದವು.

ಪ್ರತಿ ಫಾಂಟಿನೊಳಗೂ ಒಂದು ಪಟ್ಟಿ ಇರುತ್ತದೆ: ಯಾವ ಯೂನಿಕೋಡ್ ಸಂಖ್ಯೆಗೆ ಯಾವ ಆಕಾರ ಎಂದು. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆಯೇ ಯೂನಿಕೋಡ್. ಪ್ರೋಗ್ರಾಮರ್‌ಗಳು ಇಷ್ಟಪಡುವ ಕನ್ಸೋಲಾಸ್, ಕೊರಿಯರ್ ನ್ಯೂ ಫಾಂಟುಗಳ ಪಟ್ಟಿಯಲ್ಲಿ ಕನ್ನಡವೇ ಇಲ್ಲ. ಆದರೂ ನಮಗೆ ಕನ್ನಡ ಕಾಣುತ್ತದೆ, ಅಲ್ವಾ? ಎಡಿಟರ್ ಅದನ್ನು ಬೇರೆ ಫಾಂಟಿನಿಂದ ಎರವಲು ತರುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ತುಂಗಾ, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಲೋಹಿತ್ ಅಥವಾ ನೋಟೊ. ಒಮ್ಮೆ ಸಿಕ್ಕಿದ್ದನ್ನು ನೆನಪಿಟ್ಟುಕೊಳ್ಳುವುದರಿಂದ ಮೊದಲ ಸಲ ಫೈಲು ತೆರೆಯುವಾಗ ಮಾತ್ರ ಚೂರು ತಡ. ಅದರಿಂದ ಯಾರಿಗೂ ತೊಂದರೆಯಿಲ್ಲ.

ತೊಂದರೆ ಇರುವುದು ಸಿಗದೇ ಹೋದಾಗ. ಪೇಟೆಯಲ್ಲಿ ಒಂದು ಸಾಮಾನು ಮೊದಲ ಅಂಗಡಿಯಲ್ಲೇ ಸಿಕ್ಕಿದರೆ ಬೇಗ ಮನೆಗೆ ಬರಬಹುದು. ಎಲ್ಲೂ ಇಲ್ಲ ಎಂದು ಗೊತ್ತಾಗಬೇಕಾದರೆ ಮಾತ್ರ ಎಲ್ಲ ಅಂಗಡಿ ಹತ್ತಿ ಇಳಿಯಬೇಕು. ಡಿಟಿಪಿ ಮಾಡುವವರ ಕಂಪ್ಯೂಟರಿನಲ್ಲಿ ನೂರಾರು ಫಾಂಟ್ ತುಂಬಿರುತ್ತವೆ, ಹುಡುಕಾಟ ಅಷ್ಟೂ ಉದ್ದವಾಗುತ್ತದೆ. ಕೊನೆಗೆ ಸಿಗುವುದು ಒಂದು ಖಾಲಿ ಚೌಕ. ಕೆಲವು ಎಡಿಟರ್‌ಗಳು ‘ಇಲ್ಲ’ ಎಂಬ ಉತ್ತರವನ್ನು ನೆನಪಿಡುವುದಿಲ್ಲ. ಸ್ಕ್ರೋಲ್ ಮಾಡಿದಾಗಲೆಲ್ಲ ಮತ್ತೆ ಮೊದಲಿಂದ ಹುಡುಕುತ್ತವೆ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯಲ್ಲಿ ಒಂದು ಚಿತ್ರ ಬಿಡಿಸಲು ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡ್. ಹುಡುಕಾಟ ಅದನ್ನು ಮೀರಿದರೆ ಕಣ್ಣಿಗೆ ತಡವರಿಕೆ ಕಾಣುತ್ತದೆ.

ಶಾಸನ ಟೈಪ್ ಮಾಡುವವರಿಗೆ ಈ ಕಾಟ ಜಾಸ್ತಿ. ಹಳೆಗನ್ನಡದಲ್ಲಿ ಪದದ ಕೊನೆಯ ‘ನ್’ ತೋರಿಸುವ ನಕಾರಪೊಲ್ಲು ಯೂನಿಕೋಡ್‌ಗೆ ಸೇರಿದ್ದು 2021ರಲ್ಲಿ. ಅದಕ್ಕೂ ಮುಂಚಿನ ಫಾಂಟಿನಲ್ಲಿ ಅದು ಹೇಗೆ ತಾನೇ ಇದ್ದೀತು? ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಈ ರಗಳೆಯೇ ಇರಲಿಲ್ಲ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೋಜಲು ಕಾಣುತ್ತಿತ್ತು, ಅದು ಬೇರೆ ಮಾತು.

ಇನ್ನೊಂದು ಕಾರಣ ಬೆರಕೆ ಲಿಪಿ. ಸಂತಕವಿ ಕೈವಾರ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ಹಾಡಿದವರು. ಅವರ ಕೀರ್ತನೆಗಳನ್ನು ಎರಡೂ ಲಿಪಿಯಲ್ಲಿ ಒಂದೇ ಫೈಲಿಗೆ ಹಾಕಿದರೆ, ಎಡಿಟರ್ ಪ್ರತಿ ಸಾಲನ್ನೂ ಲಿಪಿ ಬದಲಾದ ಕಡೆಯೆಲ್ಲ ತುಂಡು ಮಾಡಿ, ತುಂಡಿಗೊಂದು ಫಾಂಟ್ ಹಿಡಿದು, ಒತ್ತಕ್ಷರ ಜೋಡಿಸಬೇಕು. ‘ಸ್ತ್ರೀ’ ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ.

ಪತ್ತೆ ಮಾಡುವುದು ಕಷ್ಟವಲ್ಲ. ಫೈಲಿನ ನಕಲು ತೆಗೆದು ಅರ್ಧ ಅಳಿಸಿ ನೋಡಿ. ತಡವರಿಕೆ ಯಾವ ಅರ್ಧದಲ್ಲಿ ಉಳಿಯುತ್ತದೋ ಅದನ್ನೇ ಮತ್ತೆ ಅರ್ಧ ಮಾಡಿ. ಬೇಗನೆ ನಾಲ್ಕೈದು ಸಾಲಿಗೆ ಬಂದು ನಿಲ್ಲುತ್ತೀರಿ. ಅಲ್ಲಿ ಖಾಲಿ ಚೌಕವೋ ವಿಚಿತ್ರ ಇಮೋಜಿಯೋ ಕಂಡರೆ ಕಳ್ಳ ಸಿಕ್ಕ ಹಾಗೆ. ಲಿಬ್ರೆಆಫೀಸ್‌ನಲ್ಲಿ ಫಾಂಟಿನ ಹೆಸರು ಓರೆ ಅಕ್ಷರದಲ್ಲಿ ಕಂಡರೆ ಆ ಫಾಂಟ್ ನಿಮ್ಮಲ್ಲಿ ಇಲ್ಲ, ಬದಲಿ ಓಡುತ್ತಿದೆ ಎಂದರ್ಥ.

ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟು: ಹಳೆಗನ್ನಡದ ಅಕ್ಷರಗಳೂ ಇರುವ ಹೊಸ ಕನ್ನಡ ಫಾಂಟ್ ಹಾಕಿಕೊಳ್ಳಿ, ಎಡಿಟರ್ ಸೆಟ್ಟಿಂಗ್‌ನಲ್ಲಿ ಅದರ ಹೆಸರನ್ನು ನೀವೇ ಬರೆಯಿರಿ. ವಿಎಸ್ ಕೋಡ್‌ನಂಥ ಎಡಿಟರ್‌ನಲ್ಲಿ ಅಲ್ಪವಿರಾಮ ಹಾಕಿ ಹಲವು ಫಾಂಟ್ ಕೊಡಬಹುದು: ಮೊದಲು ಇಂಗ್ಲಿಷಿನದು, ಆಮೇಲೆ ಕನ್ನಡದ್ದು, ತೆಲುಗಿನದು. ಬಳಸದ ಫಾಂಟುಗಳನ್ನು ತೆಗೆದುಹಾಕಿ. ಇಷ್ಟಾದ ಮೇಲೂ ತೆವಳಿದರೆ ಎಂಟರ್ ಒತ್ತದೆ ಪುಟಗಟ್ಟಲೆ ಬರೆದ ಒಂದೇ ಸಾಲು ಎಲ್ಲಾದರೂ ಇದೆಯೇ ನೋಡಿ. ಒಂದಕ್ಷರ ತಿದ್ದಿದರೂ ಕೆಲವು ಎಡಿಟರ್‌ಗಳು ಅಂಥ ಸಾಲನ್ನು ಇಡಿಯಾಗಿ ಮತ್ತೆ ಜೋಡಿಸುತ್ತವೆ.