ಸಾಲಿನಲ್ಲಿ ನಿಂತಿರೋದು ಬೇರೆ, ಫೈಲ್ ಸಿಕ್ಕಿಹಾಕಿಕೊಂಡಿರೋದು ಬೇರೆ

ಮಾಟುಂಗಾದ ನನ್ನ ಆಫೀಸಿಗೆ ಶನಿವಾರ ಸಂಜೆ ಬರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್ ಇದ್ದೇ ಇರುತ್ತದೆ. ಡೊಂಬಿವಲಿಯಿಂದ ಬಂದ ಅಕ್ಕನ ಫೋಲ್ಡರ್ ಹಳದಿ ತಿರುಗಿತ್ತು. ಒಳಗೆ 2006ರ ಒಂದು ಕಾಗದ. ಅವರ ತಮ್ಮ ಅಮೆರಿಕದ ಸಿಟಿಜನ್ ಆದ ಮೇಲೆ, ಅಕ್ಕನನ್ನು ಅಲ್ಲಿಗೆ ಕಾಯಂ ಆಗಿ ಕರೆಸಿಕೊಳ್ಳಲು ಹಾಕಿದ ಐ-130 ಅನ್ನುವ ಅರ್ಜಿಯ ರಸೀದಿ ಅದು.

"ಬೆಳಿಗ್ಗೆ ನೀರು ಬಿಡೋ ಹೊತ್ತಿಗೆ ಎದ್ದು, ಮೊದಲು ಸ್ಟೇಟಸ್ ನೋಡ್ತೇನೆ ಮಾರಾಯ್ರೇ. ಎಷ್ಟೋ ವರ್ಷದಿಂದ ಅಪ್ರೂವ್ಡ್ ಅಂತಲೇ ಉಂಟು. ಅಪ್ರೂವ್ ಆಗಿದ್ರೆ ವೀಸಾ ಎಲ್ಲಿ?"

ಇದೇ ಪ್ರಶ್ನೆಯನ್ನು ಮುಂಬಯಿಯ ಎಷ್ಟೋ ಕನ್ನಡ ಮನೆಗಳವರು ನನ್ನ ಹತ್ತಿರ ಕೇಳಿದ್ದಾರೆ. ತಡ ಅನ್ನೋದು ಎರಡು ಥರ. ಒಂದು ಸಾಲು. ಅಲ್ಲಿ ಯಾರ ತಪ್ಪೂ ಇಲ್ಲ, ನಾವು ಮಾಡೋದೂ ಏನಿಲ್ಲ. ಇನ್ನೊಂದರಲ್ಲಿ ಫೈಲ್ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ, ನಾವು ಕೈಹಾಕದೆ ಅದು ಅಲ್ಲಾಡುವುದಿಲ್ಲ. ಜನ ಮೊದಲನೆಯದಕ್ಕೆ ನಿದ್ದೆಗೆಡುತ್ತಾರೆ, ಎರಡನೆಯದನ್ನು ಗಮನಿಸುವುದೇ ಇಲ್ಲ.

ಮೊದಲು ಸಾಲಿನ ವಿಷಯ. ಅಣ್ಣ-ತಮ್ಮ-ಅಕ್ಕ-ತಂಗಿಯರ ವರ್ಗಕ್ಕೆ ಎಫ್-4 ಅಂತ ಹೆಸರು. ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 65,000 ವೀಸಾ. ಅದರಲ್ಲಿ ಗಂಡ, ಹೆಂಡತಿ, ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಇದರ ಮೇಲೆ, ಒಂದೊಂದು ದೇಶಕ್ಕೆ ಶೇಕಡ 7ರ ಮಿತಿ. ಭಾರತದಿಂದ ಅರ್ಜಿ ಹಾಕಿದವರು ಜಾಸ್ತಿ, ಹಾಗಾಗಿ ನಮ್ಮ ಸಾಲು ಉದ್ದ. 2025ರ ಶುರುವಿನಲ್ಲಿ ಭಾರತದ ಎಫ್-4 ಸಾಲು ಬಂದು ತಲುಪಿದ್ದು 2006ಕ್ಕೆ. ಅಂದರೆ ಹತ್ತೊಂಬತ್ತು ವರ್ಷ ಹಿಂದೆ ಅರ್ಜಿ ಹಾಕಿದವರ ಸರದಿ ಆಗ ನಡೆಯುತ್ತಿತ್ತು.

ಅಪ್ರೂವ್ ಆಯಿತು ಅಂದರೆ "ಇವರಿಬ್ಬರು ಒಡಹುಟ್ಟಿದವರು ಹೌದು" ಅಂತ ಒಪ್ಪಿಕೊಂಡರು, ಅಷ್ಟೆ. ಸರದಿ ಬರುವುದು ರಸೀದಿಯಲ್ಲಿರುವ ಪ್ರಯಾರಿಟಿ ಡೇಟ್, ಅಂದರೆ ಅರ್ಜಿ ಹಾಕಿದ ತಾರೀಖು ನೋಡಿ. ಅದನ್ನು ಹೋಲಿಸಬೇಕಾದ್ದು ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್ ಜೊತೆ. ಎಫ್-4 ಸಾಲು ಹಿಡಿದು ಇಂಡಿಯಾ ಕಾಲಂಗೆ ಬನ್ನಿ. ಅಲ್ಲಿರುವ ತಾರೀಖಿಗಿಂತ ನಿಮ್ಮದು ಹಿಂದಿನದಾಗಿದ್ದರೆ ಸರದಿ ಬಂತು. ಕೆಲವು ತಿಂಗಳು ಆ ತಾರೀಖು ಮುಂದೆ ಹೋಗುತ್ತದೆ, ಕೆಲವು ತಿಂಗಳು ನಿಂತಲ್ಲೇ ನಿಲ್ಲುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಬರುತ್ತದೆ. ತಿಂಗಳಿಗೆ ಒಂದು ಸಲ ನೋಡಿದರೆ ಸಾಕು. ದಿನಾ ಬೆಳಿಗ್ಗೆ ಸ್ಟೇಟಸ್ ನೋಡೋದು ಸುಮ್ನೆ ರಕ್ತದೊತ್ತಡಕ್ಕೆ ದಾರಿ. "ಇಷ್ಟು ಕೊಡಿ, ಫೈಲ್ ಮುಂದಕ್ಕೆ ಹಾಕಿಸ್ತೇನೆ" ಅನ್ನುವವರು ಫೋರ್ಟ್‌ನಲ್ಲೂ ಇದ್ದಾರೆ, ಅಂಧೇರಿಯಲ್ಲೂ ಇದ್ದಾರೆ. ಈ ಸಾಲನ್ನು ಯಾರೂ ದಾಟಿಸಲಾರರು. ಅರ್ಜೆಂಟ್ ಅಂತ ಬರೆದುಕೊಂಡರೂ ಪ್ರಯಾರಿಟಿ ಡೇಟ್ ಬದಲಾಗುವುದಿಲ್ಲ.

ಈಗ ಎರಡನೆಯ ಥರದ ತಡ. ಅಕ್ಕನ ರಸೀದಿ ಹಿಡಿದು ಬುಲೆಟಿನ್ ನೋಡಿದೆ. ಅವರ ತಾರೀಖು ಆಗಲೇ ಬಂದಾಗಿತ್ತು! ಹಾಗಿದ್ದರೆ, ಸರದಿ ಬಂದವರ ಕಾಗದಪತ್ರ ನೋಡುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್‌ನಿಂದ ಕಾಗದ ಬರಬೇಕಿತ್ತಲ್ಲ?

"ತಮ್ಮನ ವಿಳಾಸ ಇದೇನಾ ಅಕ್ಕ?"

"ಅಯ್ಯೋ, ಅವ ನ್ಯೂಜೆರ್ಸಿ ಬಿಟ್ಟು ಟೆಕ್ಸಾಸ್‌ಗೆ ಹೋಗಿ ಯಾವ ಕಾಲ ಆಯ್ತು."

ಅರ್ಜಿಯಲ್ಲಿದ್ದದ್ದು ಹಳೆಯ ಮನೆ. ಇಮೇಲ್ ನೋಡಿದರೆ ರೆಡಿಫ್‌ಮೇಲ್, ಅದರ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಕಾಗದ ಎಲ್ಲಿಗೆ ಹೋಯಿತೋ!

ಇದು ಸಣ್ಣ ವಿಷಯ ಅಲ್ಲ. ಸರದಿ ಬಂದಿದೆ ಅಂತ ತಿಳಿಸಿದ ಮೇಲೆ ಒಂದು ವರ್ಷ ನಮ್ಮ ಕಡೆಯಿಂದ ಸದ್ದೇ ಇಲ್ಲದಿದ್ದರೆ ಅರ್ಜಿಯನ್ನೇ ರದ್ದು ಮಾಡಲು ಅಲ್ಲಿನ ಕಾನೂನಿನಲ್ಲಿ ಅವಕಾಶ ಇದೆ. ನಮ್ಮ ಕೈಮೀರಿದ ಕಾರಣ ಇತ್ತು ಅಂತ ತೋರಿಸಿದರೆ ಎರಡು ವರ್ಷದೊಳಗೆ ಮತ್ತೆ ಜೀವ ಕೊಡಿಸಬಹುದು. ಆದರೆ ಆ ಪಾಡು ಯಾಕೆ? ಅರ್ಜಿ ಹಾಕಿದವರು ಮನೆ ಬದಲಿಸಿದರೆ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ತಿಳಿಸಬೇಕು. ಫೈಲ್ ವೀಸಾ ಸೆಂಟರ್‌ಗೆ ಹೋಗಿದ್ದರೆ ಅಲ್ಲಿಗೂ ಬೇರೆಯಾಗಿ ತಿಳಿಸಬೇಕು. ಒಂದು ಕಡೆ ಹೇಳಿದರೆ ಇನ್ನೊಂದು ಕಡೆಗೆ ತಾನಾಗಿ ಮುಟ್ಟುತ್ತದೆ ಅಂತ ನಂಬಿ ಕೂರಬೇಡಿ.

ವೀಸಾ ಸೆಂಟರ್‌ನ ವೆಬ್‌ಸೈಟಿನಲ್ಲಿ ವಿಚಾರಣೆಯ ಫಾರ್ಮ್ ಇದೆ. ತಮ್ಮನ ಹೆಸರು, ಜನ್ಮದಿನ, ಅಕ್ಕನ ಹೆಸರು, ಜನ್ಮದಿನ, ರಸೀದಿ ನಂಬರ್ ಹಾಕಿ, "ವಿಳಾಸ ಬದಲಾಗಿದೆ, ಹೊಸದು ಇದು" ಅಂತ ನಾಲ್ಕು ಸಾಲು ಬರೆದೆವು. ದುಃಖ ತೋಡಿಕೊಳ್ಳುವ ಎರಡು ಪುಟ ಬೇಡ. ಉತ್ತರ ಬಂತು, ಬಿಎಂಬಿ ಅಂತ ಶುರುವಾಗುವ ಕೇಸ್ ನಂಬರ್ ಜೊತೆ. ಊರಿನ ಹೆಸರು ಮುಂಬಯಿ ಆದರೂ ಅವರ ಪಾಲಿಗೆ ಇನ್ನೂ ಬಾಂಬೆ.

ಇಲ್ಲಿ ತುಂಬಾ ಜನ ಎಡವುತ್ತಾರೆ. ರಸೀದಿ ನಂಬರ್‌ನಲ್ಲೂ ಮೂರು ಅಕ್ಷರ, ಹತ್ತು ಅಂಕಿ. ಬಿಎಂಬಿ ನಂಬರ್‌ನಲ್ಲೂ ಅಷ್ಟೇ. ರಸೀದಿಯದ್ದು ಯುಎಸ್‌ಸಿಐಎಸ್ ಸೈಟಿಗೆ, ಬಿಎಂಬಿಯದ್ದು ವಿದೇಶಾಂಗ ಇಲಾಖೆಯ ಸಿಇಎಸಿ ಸೈಟಿಗೆ. ಅದಲು ಬದಲು ಹಾಕಿ "ನಮ್ಮ ಕೇಸೇ ಕಾಣೆಯಾಗಿದೆ" ಅಂತ ಅಳುತ್ತಾ ಫೋನ್ ಮಾಡಿದವರೂ ಇದ್ದಾರೆ. ಬಿಎಂಬಿ ಸಿಕ್ಕ ಮೇಲೆ ಹಳೆ ಸೈಟಿನಲ್ಲಿ ನೋಡೋಕೆ ಏನೂ ಉಳಿದಿರುವುದಿಲ್ಲ. ಅಕ್ಕ ಬೆಳಿಗ್ಗೆ ಬೆಳಿಗ್ಗೆ ನೋಡುತ್ತಿದ್ದದ್ದು ಅದೇ ಹಳೆ ಸೈಟ್.

ಮಕ್ಕಳ ವಯಸ್ಸಿನ ಮಾತು ಬಂದಾಗ ಅಕ್ಕ ಕಣ್ಣೀರು ಹಾಕಿದರು. 21 ದಾಟಿದರೆ ಅಪ್ಪ-ಅಮ್ಮನ ಜೊತೆ ಹೋಗುವಂತಿಲ್ಲ ಅಂತ ಯಾರೋ ಹೇಳಿದ್ದರು. ಸರದಿ ಬಂದ ತಿಂಗಳಲ್ಲಿ ಮಗನಿಗೆ ಸರಿಯಾಗಿ 23. ಆದರೆ ಅಲ್ಲಿನ ಕಾನೂನಿನಲ್ಲಿ ಒಂದು ಕಳೆಯುವ ಲೆಕ್ಕ ಇದೆ. ಐ-130 ಹಾಕಿದ ದಿನದಿಂದ ಅಪ್ರೂವ್ ಆದ ದಿನದವರೆಗೆ ಎಷ್ಟು ಸಮಯ ಹಿಡಿಯಿತೋ, ಅಷ್ಟನ್ನು ಮಗುವಿನ ವಯಸ್ಸಿನಲ್ಲಿ ಕಳೆಯಬೇಕು. ಇವರ ಅರ್ಜಿ ಅಪ್ರೂವ್ ಆಗಲು ನಾಲ್ಕು ವರ್ಷ ಐದು ತಿಂಗಳು ಹಿಡಿದಿತ್ತು. ಕಳೆದರೆ ಹುಡುಗನಿಗೆ 18 ವರ್ಷ 7 ತಿಂಗಳು. ಅವನು ಬಚಾವ್. ಮದುವೆ ಆಗಿರಬಾರದು, ಸರದಿ ಬಂದ ಒಂದು ವರ್ಷದೊಳಗೆ ಡಿಎಸ್-260 ಅನ್ನುವ ವೀಸಾ ಫಾರ್ಮ್ ತುಂಬಬೇಕು, ಅಷ್ಟೆ.

ಅದೇ ಕಾಲದಲ್ಲಿ ಅರ್ಜಿ ಹಾಕಿದ ಮುಲುಂಡಿನ ಇನ್ನೊಂದು ಮನೆಯವರಿಗೆ ಐದೇ ತಿಂಗಳಲ್ಲಿ ಅಪ್ರೂವ್ ಆಗಿತ್ತು. ಆಗ ಪೇಡಾ ಹಂಚಿದ್ದರಂತೆ. ಸರದಿ ಬಂದಾಗ ಅವರ ಮಗಳಿಗೆ 21 ವರ್ಷ 8 ತಿಂಗಳು. ಐದು ತಿಂಗಳು ಕಳೆದರೂ 21 ದಾಟುತ್ತಿತ್ತು. ಅವಳು ಇಲ್ಲೇ ಉಳಿದಳು. ಅಪ್ರೂವ್ ಆಗೋಕೆ ತಡ ಆಯಿತು ಅಂತ ಶಪಿಸುವವರಿಗೆ ನಾನು ಈ ಎರಡು ಮನೆಯ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ತೋರಿಸುತ್ತೇನೆ.

ಮೆಡಿಕಲ್, ಪಾಸ್‌ಪೋರ್ಟ್ ಆಫೀಸಿನ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್), ತಮ್ಮನ ಟ್ಯಾಕ್ಸ್ ಕಾಗದ ಇವೆಲ್ಲ ಪಟ್ಟಿ ನೋಡಿ ಮಾಡುವ ಕೆಲಸ. ಪಟ್ಟಿ ನೋಡಿ ಬಗೆಹರಿಯದೆ ನಮ್ಮವರನ್ನು ನಿಜವಾಗಿ ಕಾಡುವುದು ಹೆಸರು. ಊರಿನ ಶಾಲೆಯ ಸರ್ಟಿಫಿಕೇಟಿನಲ್ಲಿ ಅಪ್ಪ "ಶೀನ". ತಮ್ಮನ ಪಾಸ್‌ಪೋರ್ಟಿನಲ್ಲಿ "ಶ್ರೀನಿವಾಸ". ಮದುವೆಯಾದ ಮೇಲೆ ಮಹಾರಾಷ್ಟ್ರದ ಪದ್ಧತಿಯಂತೆ ಅಕ್ಕನ ಹೆಸರಿನ ನಡುವೆ ಗಂಡನ ಹೆಸರು ಬಂದಿದೆ. ಒಡಹುಟ್ಟಿದವರು ಅಂತ ಸಾಬೀತು ಮಾಡಬೇಕಾದ್ದೇ ಅಪ್ಪ-ಅಮ್ಮನ ಹೆಸರಿನಿಂದ, ಅಲ್ವಾ? ಅದಕ್ಕೇ ನಾನು ಸಾಲಿನಲ್ಲಿ ನಿಂತಿರುವ ವರ್ಷಗಳಲ್ಲೇ ಈ ಕಾಗದಗಳನ್ನು ಸರಿಮಾಡಿಸಿ ಅನ್ನುವುದು. ಊರಿಗೆ ಕೋಲಕ್ಕೆ ಹೋದಾಗ ಒಂದು ದಿನ ಶಾಲೆಗೂ ಪಂಚಾಯತಿಗೂ ಹೋಗಿ ಬನ್ನಿ.

ಅಕ್ಕನ ಕುಟುಂಬದ ಇಂಟರ್‌ವ್ಯೂ ಬಾಂದ್ರಾದ ಬಿಕೆಸಿಯಲ್ಲಿರುವ ಅಮೆರಿಕದ ಕಾನ್ಸುಲೇಟಿನಲ್ಲಿ ಆಯಿತು. ಆ ರಾತ್ರಿ ಹತ್ತೂವರೆಗೆ ಫೋನ್. "ರೆಫ್ಯೂಸ್ಡ್ ಅಂತ ಬಂದಿದೆ!"

"ಕೈಯಲ್ಲಿ ಒಂದು ಚೀಟಿ ಕೊಟ್ಟಿದ್ದಾರಾ ಅಕ್ಕ?"

ಕೊಟ್ಟಿದ್ದರು. 221-ಜಿ ಚೀಟಿ. ಒಂದು ಕಾಗದ ಬಾಕಿ ಇದ್ದರೂ, ಒಳಗೆ ಇನ್ನಷ್ಟು ಪರಿಶೀಲನೆ ನಡೆಯುತ್ತಿದ್ದರೂ ಸೈಟಿನಲ್ಲಿ ತೋರಿಸುವುದು ಇದೇ "ರೆಫ್ಯೂಸ್ಡ್" ಪದ. ಕೇಳಿದ್ದನ್ನು ಒಂದು ವರ್ಷದೊಳಗೆ ಕೊಟ್ಟರೆ ಕೇಸ್ ಮುಂದುವರಿಯುತ್ತದೆ. ಕೊಡದಿದ್ದರೆ ಮತ್ತೆ ಹೊಸ ಅರ್ಜಿ, ಹೊಸ ಫೀಸು. ಇವರ ಚೀಟಿಯಲ್ಲಿ ಕೇಳಿದ್ದು ಶೀನ ಮತ್ತು ಶ್ರೀನಿವಾಸ ಒಬ್ಬರೇ ಅನ್ನುವುದಕ್ಕೆ ದಾಖಲೆ. ಅದು ಕಾರ್ಕಳದ ಕಡೆಯ ಶಾಲೆಯಿಂದ ಬರಬೇಕಿತ್ತು. ಅಕ್ಕನ ಅಣ್ಣನ ಮಗ ಬೈಕಿನಲ್ಲಿ ಮೂರು ಸಲ ಹೋಗಿ ತಂದ. ಅದನ್ನು ಕೊಟ್ಟ ಮೇಲೂ ಕೆಲವು ದಿನ ರೆಫ್ಯೂಸ್ಡ್ ಅಂತಲೇ ಇತ್ತು. ಆಮೇಲೆ ಒಂದು ಬೆಳಿಗ್ಗೆ, ನೀರು ಬರೋ ಹೊತ್ತಿಗೇ, ಇಶ್ಯೂಡ್ ಅಂತ ಬಂತು.

ಆ ರೆಡಿಫ್‌ಮೇಲ್ ಪಾಸ್‌ವರ್ಡ್ ಮಾತ್ರ ಇನ್ನೂ ಸಿಕ್ಕಿಲ್ಲ.